ಉಷ್ಣಾಂಶದಲ್ಲಿ ‘ಅಂಶ’ ಎಷ್ಟು?

ದಿನಪತ್ರಿಕೆಯ ಹವಾಮಾನದ ಚೌಕದಲ್ಲಿ ಎರಡು ಪದಗಳು ಅಕ್ಕಪಕ್ಕ ಕೂತಿರುತ್ತವೆ: ಉಷ್ಣಾಂಶ ಮತ್ತು ತೇವಾಂಶ. ನೋಡೋಕೆ ಅಣ್ಣತಮ್ಮಂದಿರ ಹಾಗೆ ಇದ್ದರೂ ಎರಡರ ‘ಅಂಶ’ ಒಂದೇ ಅಲ್ಲ. ತೇವಾಂಶ, ಪೌಷ್ಟಿಕಾಂಶ, ಕೊಬ್ಬಿನಂಶ – ಇವುಗಳಲ್ಲಿ ಅಂಶ ಅಂದ್ರೆ ಒಳಗಿರುವ ಪಾಲು. ಅಕ್ಷಾಂಶ, ರೇಖಾಂಶಗಳಲ್ಲಿ ಅಂಶ ಅಂದ್ರೆ ಡಿಗ್ರಿ. ‘ಗರಿಷ್ಠ ಉಷ್ಣಾಂಶ 38’ ಅಂತ ಪತ್ರಿಕೆ ಬರೆದಾಗ ಅದು ಈ ಎರಡನೇ ಗುಂಪಿನದು. ಅದು ಹೇಳುವುದು ಬಿಸಿ ಎಷ್ಟು ಡಿಗ್ರಿ ಇದೆ ಅಂತ ಮಾತ್ರ, ಒಳಗೆ ಎಷ್ಟು ತುಂಬಿದೆ ಅಂತ ಅಲ್ಲ.

ಇನ್ನೊಂದು ಕಡೆ ನಮ್ಮ ಥರ್ಮೊಡೈನಮಿಕ್ಸ್ ಪಾಠ. ಎಂಥಾಲ್ಪಿ ಅಂದ್ರೇನು ಅಂತ ವೈವಾದಲ್ಲಿ ಕೇಳಿದರೆ ‘ಹೀಟ್ ಕಂಟೆಂಟ್ ಸರ್’ ಅನ್ನೋದು ಎಲ್ಲರಿಗೂ ಬಾಯಿಪಾಠ. ಆ ಇಂಗ್ಲಿಷ್ ಪದವನ್ನು ಹಾಗೇ ಕನ್ನಡಕ್ಕೆ ತಂದರೆ ಸಿಗೋದು ಅದೇ ಉಷ್ಣಾಂಶ! ಅಂದರೆ ಒಂದೇ ಪದ ಪತ್ರಿಕೆಯಲ್ಲಿ ಟೆಂಪರೇಚರ್, ಕ್ಲಾಸಿನಲ್ಲಿ ಎಂಥಾಲ್ಪಿ. ಇದು ಬರೀ ನಿಘಂಟಿನ ತಕರಾರಾಗಿದ್ದರೆ ಈ ಲೇಖನ ಬರೆಯುವ ಅಗತ್ಯ ಇರಲಿಲ್ಲ. ಕಲಬುರಗಿಯ 41 ಡಿಗ್ರಿಗೂ ಮಂಗಳೂರಿನ 33 ಡಿಗ್ರಿಗೂ ಇರುವ ವ್ಯತ್ಯಾಸ, ಏರ್ ಕೂಲರ್ ಕೊಳ್ಳಬೇಕೋ ಎ.ಸಿ. ಹಾಕಿಸಬೇಕೋ ಅನ್ನೋ ಪ್ರಶ್ನೆ, ಕಡೆಗೆ ಬಿಸಿಲಿನಲ್ಲಿ ಮನುಷ್ಯ ಕುಸಿದು ಬೀಳುವುದು ಎಲ್ಲವೂ ಡಿಗ್ರಿ ಮತ್ತು ಪಾಲು ಇವೆರಡರ ನಡುವಿನ ಅಂತರದಲ್ಲೇ ಇವೆ.

ಮನೆಮಾತಿನಲ್ಲಿ ‘ಉಷ್ಣ’ಕ್ಕೆ ಮೂರನೇ ಅರ್ಥವೂ ಇದೆಯಲ್ಲ, ಅದನ್ನು ಮೊದಲು ಮುಗಿಸಿಬಿಡೋಣ. ಪಪ್ಪಾಯಿ ಉಷ್ಣ, ತುಪ್ಪ ತಂಪು ಅಂತ ಅಜ್ಜಿ ಹೇಳ್ತಾರೆ. ಆಹಾರದ ಶಕ್ತಿಯ ಲೆಕ್ಕ ನೋಡಿದರೆ ಪೂರ್ತಿ ಉಲ್ಟಾ: 100 ಗ್ರಾಂ ತುಪ್ಪದಲ್ಲಿ ಸುಮಾರು 900 ಕಿಲೋಕ್ಯಾಲರಿ, ಅಷ್ಟೇ ಪಪ್ಪಾಯಿಯಲ್ಲಿ 40ರ ಆಸುಪಾಸು. ಹಾಗಂತ ಅಜ್ಜಿಯ ಮಾತನ್ನು ಕ್ಯಾಲರಿಮೀಟರಿಗೆ ಹಾಕಿ ‘ತಪ್ಪು’ ಅನ್ನೋದು ಜಾಣತನ ಅಲ್ಲ. ಅವರು ಹೇಳೋದು ಆಯುರ್ವೇದದ ವರ್ಗೀಕರಣ, ತಿಂದ ಮೇಲೆ ಮೈಗೆ ಏನಾಗುತ್ತೆ ಅನ್ನುವುದರ ಬಗ್ಗೆ. ಪ್ಯಾಕೆಟ್ ಮೇಲಿನ ಸಂಖ್ಯೆ ಹೇಳೋದು ಆ ಆಹಾರದಿಂದ ದೇಹಕ್ಕೆ ಒದಗುವ ಶಕ್ತಿಯನ್ನು. ಅದರ ಬುಡ ಇರುವುದು ಆಹಾರವನ್ನು ಉರಿಸಿದಾಗ ಎಷ್ಟು ಶಾಖ ಹೊರಬರುತ್ತೆ ಅನ್ನುವ ಅಳತೆಯಲ್ಲಿ. ಎರಡಕ್ಕೂ ಒಂದೇ ಪದ ಸಿಕ್ಕಿದ್ದು ಭಾಷೆಯ ಆಕಸ್ಮಿಕ, ಅಷ್ಟೇ.

ಈಗ ವಿಷಯಕ್ಕೆ ಬರೋಣ. ‘ಹೀಟ್ ಕಂಟೆಂಟ್’ ಅನ್ನೋ ಹೆಸರು ಕೇಳಿದ ತಕ್ಷಣ ವಸ್ತುವಿನೊಳಗೆ ಶಾಖ ಅನ್ನೋದು ನೀರಿನ ಹಾಗೆ ತುಂಬಿಕೊಂಡಿದೆ ಅನ್ನೋ ಚಿತ್ರ ಬರುತ್ತೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೇ ನಂಬಿದ್ದರು. 1789ರಲ್ಲಿ ಲವಾಸಿಯೆ ಮೂಲಧಾತುಗಳ ಪಟ್ಟಿ ಮಾಡಿದಾಗ ಆಮ್ಲಜನಕದ ಜೊತೆಗೆ ‘ಕ್ಯಾಲೊರಿಕ್’ ಅನ್ನೂ ಸೇರಿಸಿದ್ದ. ಅದು ಕಣ್ಣಿಗೆ ಕಾಣದ, ತೂಕವಿಲ್ಲದ ದ್ರವ. ಬಿಸಿ ವಸ್ತುವಿನಲ್ಲಿ ಜಾಸ್ತಿ, ತಣ್ಣನೆಯದರಲ್ಲಿ ಕಮ್ಮಿ ಅನ್ನೋದು ಆಗಿನ ನಂಬಿಕೆ. 1798ರಲ್ಲಿ ಕೌಂಟ್ ರಮ್‌ಫೋರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿಯ ನಳಿಗೆ ಕೊರೆಸುವಾಗ ಕಂಡದ್ದನ್ನು ವರದಿ ಮಾಡಿದ. ಕುದುರೆಗಳು ತಿರುಗಿಸುತ್ತಾ ಇರುವವರೆಗೂ ಶಾಖ ಬರುತ್ತಲೇ ಇರುತ್ತೆ, ಮುಗಿಯೋದೇ ಇಲ್ಲ. ಒಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದಾದರೂ ಖಾಲಿ ಆಗಬೇಕಿತ್ತಲ್ವಾ? 1840ರ ದಶಕದಲ್ಲಿ ಜೇಮ್ಸ್ ಜೂಲ್ ತೂಕ ಇಳಿಬಿಟ್ಟು, ಅದರಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ಬರೀ ಕಲಕಿಯೇ ನೀರನ್ನು ಬಿಸಿ ಮಾಡಿ ತೋರಿಸಿದ. ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ಆ ಬಿಸಿನೀರಿನೊಳಗೆ ‘ಶಾಖ’ ಎಲ್ಲಿಂದ ಬಂತು?

ಇದಕ್ಕೆ ನಮಗೆ ಹತ್ತಿರದ ಹೋಲಿಕೆ ಬ್ಯಾಂಕ್ ಖಾತೆ. ಮನೆಯಿಂದ ಅಪ್ಪ ಯುಪಿಐ ಮಾಡ್ತಾರೆ, ಹಬ್ಬಕ್ಕೆ ಮಾವ ಕೊಟ್ಟ ನೋಟು ನಾವೇ ಹೋಗಿ ಕಟ್ತೀವಿ. ಖಾತೆಯಲ್ಲಿ 5000 ಇದೆ ಅಂದ್ಕೊಳ್ಳಿ. ಅದರಲ್ಲಿ ‘ಎಷ್ಟು ಯುಪಿಐ ಇದೆ’ ಅಂತ ಕೇಳಿದರೆ ಪ್ರಶ್ನೆಗೇ ಅರ್ಥವಿಲ್ಲ. ಯುಪಿಐ ಅನ್ನೋದು ಹಣ ಬರುವ ದಾರಿ. ಒಳಗಿರೋದು ಬರೀ ಹಣ. ಹಾಗೇ ಶಾಖ ಮತ್ತು ಕೆಲಸ ಎರಡೂ ಶಕ್ತಿ ಒಳಗೆ ಬರುವ, ಹೊರಗೆ ಹೋಗುವ ದಾರಿಗಳು. ಒಳಗಿರೋದು ಆಂತರಿಕ ಶಕ್ತಿ. ಗೀಸರ್‌ನಲ್ಲಿ ಕಾಯಿಸಿದ 40 ಡಿಗ್ರಿಯ ನೀರು, ಜೂಲ್ ಕಲಕಿದ 40 ಡಿಗ್ರಿಯ ನೀರು ಎದುರಿಗಿಟ್ಟರೆ ಯಾವುದು ಯಾವುದು ಅಂತ ಯಾವ ಉಪಕರಣವೂ ಹೇಳೋಕಾಗಲ್ಲ.

ಹಾಗಾದರೆ ಹೀಟ್ ಕಂಟೆಂಟ್ ಅನ್ನೋ ಹೆಸರು ಯಾಕೆ ಉಳಿಯಿತು? ಯಾಕಂದ್ರೆ ಒಂದು ಸಂದರ್ಭದಲ್ಲಿ ಅದು ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ತೆರೆದ ಪಾತ್ರೆಯಲ್ಲಿ ನೀರು ಕಾಯಿಸ್ತೀವಿ. ಮೇಲೆ ವಾಯುಮಂಡಲದ ಒತ್ತಡ, ಅದು ಬದಲಾಗಲ್ಲ. ಕೊಟ್ಟ ಶಾಖದಲ್ಲಿ ಒಂದಷ್ಟು ಒಳಗೆ ಉಳಿಯುತ್ತೆ, ಇನ್ನೊಂದಷ್ಟು ವಸ್ತು ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ಹಿಂದೆ ತಳ್ಳೋಕೆ ಖರ್ಚಾಗುತ್ತೆ. ಈ ಎರಡನ್ನೂ ಕೂಡಿಸಿ ಒಂದೇ ಪೆಟ್ಟಿಗೆಯಲ್ಲಿಟ್ಟರೆ – ಆಂತರಿಕ ಶಕ್ತಿಗೆ ಒತ್ತಡ ಮತ್ತು ಗಾತ್ರದ ಗುಣಲಬ್ಧ ಸೇರಿಸಿದರೆ – ಸಿಗೋದೇ ಎಂಥಾಲ್ಪಿ. ಒತ್ತಡ ಸ್ಥಿರವಾಗಿದ್ದು ಬೇರೆ ಯಾವ ಕೆಲಸವೂ ನಡೆಯದಿದ್ದರೆ, ಎಂಥಾಲ್ಪಿ ಎಷ್ಟು ಏರಿತೋ ಅಷ್ಟೇ ಶಾಖ ಕೊಟ್ಟಿದ್ದೀವಿ ಅಂತ ಅರ್ಥ. ಗಿಬ್ಸ್ ಇದನ್ನು ‘ಸ್ಥಿರ ಒತ್ತಡದ ಶಾಖ ಫಲನ’ ಅನ್ನುವ ಅರ್ಥದಲ್ಲಿ ಕರೆದಿದ್ದ. ಎಂಥಾಲ್ಪಿ ಪದವನ್ನು ಹುಟ್ಟಿಸಿದ್ದು ಹೀಲಿಯಂ ಅನ್ನು ದ್ರವವಾಗಿಸಿದ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನೆಸ್ ಅಂತ ಹೇಳ್ತಾರೆ; ಅದು ಅಚ್ಚಿನಲ್ಲಿ ಬಂದದ್ದು 1909ರಲ್ಲಿ. ಮೂಲ ಗ್ರೀಕ್ ಪದದ ಅರ್ಥ ಬೆಚ್ಚಗಾಗಿಸು ಅಂತ. ಹೊಸ ಪದ ಬಂದರೂ ಹಳೆಯ ಅಡ್ಡಹೆಸರು ಮಾತ್ರ ವೈವಾ ಕೋಣೆ ಬಿಟ್ಟು ಹೋಗಿಲ್ಲ.

ಒಂದು ಲೆಕ್ಕ ನೋಡಿ. 100 ಡಿಗ್ರಿಯ 1 ಕೆಜಿ ನೀರನ್ನು ಅದೇ 100 ಡಿಗ್ರಿಯ ಆವಿ ಮಾಡೋಕೆ 2257 ಕಿಲೋಜೂಲ್ ಬೇಕು. ಇದರಲ್ಲಿ ಸುಮಾರು 169 ಕಿಲೋಜೂಲ್ ಹೋಗೋದು 1 ಲೀಟರಿನಷ್ಟಿದ್ದ ನೀರು 1670 ಲೀಟರ್ ಆವಿಯಾಗಿ ಹರಡಿಕೊಳ್ಳುವಾಗ ವಾಯುಮಂಡಲವನ್ನು ಪಕ್ಕಕ್ಕೆ ಸರಿಸೋಕೆ. ಅಂದರೆ ಆ 169 ಕಿಲೋಜೂಲ್ ಆವಿಯ ‘ಒಳಗೆ’ ಇಲ್ಲವೇ ಇಲ್ಲ! ಆದರೂ ಸ್ಟೀಮ್ ಟೇಬಲ್‌ನಲ್ಲಿ ಅದು ಆವಿಯ ಹೆಸರಿಗೇ ಜಮಾ. ಕಂಟೆಂಟ್ ಅನ್ನೋ ಮಾತು ಎಲ್ಲಿ ಜಾರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಇನ್ನೊಂದು ಮಾತು, ಪರೀಕ್ಷೆಗೂ ಉಪಯೋಗ ಆಗುತ್ತೆ. ಸ್ಟೀಮ್ ಟೇಬಲ್‌ನಲ್ಲಿ 0.01 ಡಿಗ್ರಿಯ ನೀರಿನ ಎಂಥಾಲ್ಪಿ ಹೆಚ್ಚುಕಡಿಮೆ ಸೊನ್ನೆ ಅಂತ ಇರುತ್ತೆ. ಆ ನೀರಿನಲ್ಲಿ ಶಕ್ತಿ ಇಲ್ಲ ಅಂತ ಅಲ್ಲ, ಅಲ್ಲಿಂದ ಎಣಿಸೋಣ ಅಂತ ಎಲ್ಲರೂ ಸೇರಿ ಒಪ್ಪಿಕೊಂಡದ್ದು. ರೆಫ್ರಿಜರೆಂಟ್ ಕೋಷ್ಟಕಗಳಲ್ಲಿ ಅಂಥ ಒಮ್ಮತವೂ ಇಲ್ಲ. ಕೆಲವು ಪುಸ್ತಕಗಳು ಮೈನಸ್ 40 ಡಿಗ್ರಿಯಲ್ಲಿ ಸೊನ್ನೆ ಇಡುತ್ತವೆ, ಕೆಲವು 0 ಡಿಗ್ರಿಯ ದ್ರವಕ್ಕೆ 200 ಅಂತ ಇಡುತ್ತವೆ. ಒಂದೇ ಸಮಸ್ಯೆಗೆ ಒಂದು ಬೆಲೆ ಈ ಪುಸ್ತಕದಿಂದ, ಇನ್ನೊಂದು ಆ ಪುಸ್ತಕದಿಂದ ಎತ್ತಿದರೆ ಉತ್ತರ ಎಕ್ಕುಟ್ಟಿ ಹೋಗುತ್ತೆ. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಬೆಲೆ. ‘ಒಟ್ಟು ಎಷ್ಟಿದೆ’ ಅನ್ನೋದಕ್ಕೆ ಇಲ್ಲಿ ಉತ್ತರವೇ ಇಲ್ಲ.

ಇಷ್ಟೆಲ್ಲ ತಕರಾರು ಇದ್ದರೂ ಡಿಗ್ರಿಯನ್ನೂ ಈ ಪಾಲನ್ನೂ ಬೇರೆ ಬೇರೆ ನೋಡುವ ಅಭ್ಯಾಸ ಒಳ್ಳೇದು. ದೀಪಾವಳಿಯ ಸುರ್‌ಸುರ್ ಬತ್ತಿಯ ಕಿಡಿ ಸಾವಿರ ಡಿಗ್ರಿ ದಾಟಿರುತ್ತೆ, ಕೈಮೇಲೆ ಬಿದ್ದರೆ ಚುರುಕ್ ಅಂದು ಆರಿಹೋಗುತ್ತೆ. ಕಿಡಿಯ ತೂಕವೇ ಅಷ್ಟು ಕಮ್ಮಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ನುಗ್ಗುವ ಹಬೆ ಬರೀ 100 ಡಿಗ್ರಿ. ಆದರೆ 1 ಗ್ರಾಂ ಹಬೆ ಚರ್ಮದ ಮೇಲೆ ನೀರಾಗಿ ಮೈಯ ಬಿಸಿಗೆ ಇಳಿಯುವಷ್ಟರಲ್ಲಿ ಸುಮಾರು 2.5 ಕಿಲೋಜೂಲ್ ಬಿಟ್ಟುಕೊಡುತ್ತೆ. 1 ಗ್ರಾಂ ಕುದಿಯುವ ನೀರು ಬಿದ್ದರೆ 0.27 ಕಿಲೋಜೂಲ್ ಮಾತ್ರ. ಒಂಬತ್ತು ಪಟ್ಟು ವ್ಯತ್ಯಾಸ, ಡಿಗ್ರಿ ಮಾತ್ರ ಎರಡಕ್ಕೂ ಒಂದೇ. ಮೆಸ್ಸಿನ ಅಡುಗೆಯವರು ಮುಚ್ಚಳವನ್ನು ತಮ್ಮ ಕಡೆಗಲ್ಲದೆ ಆಚೆ ಕಡೆಗೆ ಓರೆ ಮಾಡಿ ಎತ್ತೋದು ಸುಮ್ಮನೆ ಅಲ್ಲ.

ನೀರು ಆವಿಯಾಗುವಾಗ ನುಂಗಿದ ಈ ಶಾಖವನ್ನು ಗುಪ್ತೋಷ್ಣ ಅಂತ ಶಾಲೆಯಲ್ಲಿ ಓದಿದ್ದೀವಿ. ಥರ್ಮಾಮೀಟರಿಗೆ ಕಾಣದೆ ಅಡಗಿರುತ್ತೆ ಅಂತ ಆ ಹೆಸರು. ಅದು ನಮ್ಮ ಸುತ್ತಲಿನ ಗಾಳಿಯಲ್ಲೂ ಅಡಗಿದೆ, ಆದ್ದರಿಂದಲೇ ಕಲಬುರಗಿ ಮತ್ತು ಮಂಗಳೂರಿನ ಕಥೆ.

ನಮ್ಮ ಹಾಸ್ಟೆಲ್‌ನಲ್ಲಿ ಎರಡೂ ಕಡೆಯ ಹುಡುಗರಿದ್ದಾರೆ, ಬೇಸಿಗೆ ಬಂದರೆ ಈ ಜಗಳ ತಪ್ಪಿದ್ದಲ್ಲ. ‘41 ಡಿಗ್ರಿ ನೋಡಿಯೇನೋ ನೀ?’ ಅಂತ ಉತ್ತರದವರು. ‘ನಮ್ಮಲ್ಲಿ ಒಂದು ದಿನ ಇದ್ದು ನೋಡು ಮಾರಾಯ, ಅಂಗಿ ಒಣಗುದೇ ಇಲ್ಲ’ ಅಂತ ಕರಾವಳಿಯವರು. ಇದಕ್ಕೆ ತೀರ್ಪು ಕೊಡೋಕೆ ಸೈಕ್ರೊಮೆಟ್ರಿಕ್ ಚಾರ್ಟ್ ಸಾಕು. ಉದಾಹರಣೆಗೆ ಕಲಬುರಗಿಯ ಒಂದು ಮಧ್ಯಾಹ್ನ 41 ಡಿಗ್ರಿ, ತೇವಾಂಶ ಶೇ 20 ಅಂತ ಇಟ್ಟುಕೊಳ್ಳೋಣ. ಮಂಗಳೂರಿನಲ್ಲಿ 33 ಡಿಗ್ರಿ, ಶೇ 70. ಲೆಕ್ಕ ಸುಲಭ ಆಗಲಿ ಅಂತ ಎರಡಕ್ಕೂ ಸಮುದ್ರಮಟ್ಟದ ಒತ್ತಡವನ್ನೇ ಹಿಡಿಯೋಣ. ಈ ಶೇಕಡಾ ತೇವಾಂಶ ಕೂಡ ನಿಜವಾದ ಪಾಲಲ್ಲ, ನೆನಪಿರಲಿ: ಆ ಬಿಸಿಯಲ್ಲಿ ಗಾಳಿಗೆ ಎಷ್ಟು ಆವಿ ಹಿಡಿಸಬಹುದೋ ಅದರಲ್ಲಿ ಎಷ್ಟು ಭಾಗ ಇದೆ ಅನ್ನೋದನ್ನು ಅದು ಹೇಳುತ್ತೆ. ನಿಜವಾದ ಪಾಲು ಬೇಕಂದ್ರೆ 1 ಕೆಜಿ ಒಣಗಾಳಿಗೆ ಎಷ್ಟು ಗ್ರಾಂ ಆವಿ ಅಂತ ನೋಡಬೇಕು. ಕಲಬುರಗಿಯಲ್ಲಿ ಅದು ಸುಮಾರು 10 ಗ್ರಾಂ, ಮಂಗಳೂರಿನಲ್ಲಿ 22 ಗ್ರಾಂ.

ಈಗ ಎಂಥಾಲ್ಪಿ. 1 ಕೆಜಿ ಒಣಗಾಳಿಯ ಲೆಕ್ಕದಲ್ಲಿ ಕಲಬುರಗಿಗೆ ಬರೋದು ಸುಮಾರು 66 ಕಿಲೋಜೂಲ್. ಮಂಗಳೂರಿಗೆ 91. ಎಂಟು ಡಿಗ್ರಿ ತಣ್ಣಗಿರುವ ಊರಿನ ಗಾಳಿಯಲ್ಲೇ ‘ಉಷ್ಣಾಂಶ’ ಜಾಸ್ತಿ! ಪಾಲು ಅನ್ನೋ ಅರ್ಥದಲ್ಲಿ.

ಇದರ ಪರಿಣಾಮ ಎ.ಸಿ. ಮೇಲೆ ನೋಡಿ. ಹೊರಗಿನ ಈ ಗಾಳಿಯನ್ನು ಒಳಗೆ ತಗೊಂಡು 25 ಡಿಗ್ರಿ, ಶೇ 50 ತೇವಾಂಶಕ್ಕೆ ತರಬೇಕು ಅಂತಿಟ್ಟುಕೊಳ್ಳಿ. ಕಲಬುರಗಿಯಲ್ಲಿ 16 ಡಿಗ್ರಿ ಇಳಿಸೋಕೆ ಪ್ರತಿ ಕೆಜಿ ಗಾಳಿಯಿಂದ ತೆಗೆಯಬೇಕಾದದ್ದು 16 ಕಿಲೋಜೂಲ್. ಮಂಗಳೂರಿನಲ್ಲಿ ಬರೀ 8 ಡಿಗ್ರಿ ಇಳಿಸೋಕೆ 40 ಕಿಲೋಜೂಲ್! ಆ 40ರಲ್ಲಿ ಗಾಳಿಯನ್ನು ತಣ್ಣಗೆ ಮಾಡೋಕೆ ಬೇಕಾದದ್ದು 8 ಮಾತ್ರ, ಉಳಿದ 32 ಆವಿಯನ್ನು ನೀರಾಗಿಸೋಕೆ. ಎ.ಸಿ.ಯ ಪೈಪಿನಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರೇ ಆ 32ರ ರಸೀದಿ. ಬಿಸಿಲು, ಗೋಡೆ, ಛಾವಣಿಯಿಂದ ಒಳಬರುವ ಶಾಖ ಬೇರೆ. ಅದರಲ್ಲಿ ಕಲಬುರಗಿಯವರಿಗೇ ಹೊರೆ ಜಾಸ್ತಿ, ಹಾಗಾಗಿ ಕರೆಂಟ್ ಬಿಲ್ಲನ್ನು ಈ ಲೆಕ್ಕದಿಂದಲೇ ಊಹಿಸಬೇಡಿ. ಅಂದಹಾಗೆ ಎ.ಸಿ. ಅಂಗಡಿಯವರು ‘ಒಂದೂವರೆ ಟನ್’ ಅಂತಾರಲ್ಲ, ಅದು ಯಂತ್ರದ ತೂಕ ಅಲ್ಲ. ಒಂದು ಅಮೆರಿಕನ್ ಟನ್, ಅಂದರೆ 907 ಕೆಜಿ ನೀರನ್ನು 24 ಗಂಟೆಯಲ್ಲಿ ಮಂಜುಗಡ್ಡೆ ಮಾಡೋಕೆ ಎಷ್ಟು ಶಾಖ ತೆಗೆಯಬೇಕೋ ಆ ವೇಗ, ಸುಮಾರು 3.5 ಕಿಲೋವ್ಯಾಟ್. ಐಸ್ ಮಾರಿ ತಂಪು ಕೊಡುತ್ತಿದ್ದ ಕಾಲದ ಪದ.

ಏರ್ ಕೂಲರ್ ಕಥೆ ಇನ್ನೂ ಸೊಗಸು. ಒದ್ದೆ ಪ್ಯಾಡ್ ಮೂಲಕ ಬಿಸಿಗಾಳಿ ಹಾಯುತ್ತೆ, ನೀರು ಆವಿಯಾಗುತ್ತೆ, ಅದಕ್ಕೆ ಬೇಕಾದ ಶಾಖ ಗಾಳಿಯಿಂದಲೇ ಹೋಗುತ್ತೆ. ಗಾಳಿಯ ಡಿಗ್ರಿ ಇಳಿಯಿತು, ಆವಿಯ ಪಾಲು ಏರಿತು, ಎಂಥಾಲ್ಪಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಕೂಲರ್ ಶಾಖವನ್ನು ಕೋಣೆಯಿಂದ ಹೊರಗೆ ಹಾಕೋದಿಲ್ಲ, ಥರ್ಮಾಮೀಟರಿಗೆ ಕಾಣುವ ಜೇಬಿನಿಂದ ಕಾಣದ ಜೇಬಿಗೆ ದಾಟಿಸುತ್ತೆ ಅಷ್ಟೇ. ಕಲಬುರಗಿಯ 41 ಡಿಗ್ರಿ ಗಾಳಿ ಒಳ್ಳೆ ಕೂಲರಿನಿಂದ 26–27ಕ್ಕೆ ಇಳಿಯಬಹುದು. ಕಿಟಕಿ ತೆರೆದಿದ್ದರೆ ಸ್ವರ್ಗ. ಮಂಗಳೂರಿನ 33 ಎಷ್ಟೇ ಹೆಣಗಿದರೂ 28ಕ್ಕಿಂತ ಕೆಳಗೆ ಹೋಗಲ್ಲ, ಅದೂ ಗಾಳಿ ಪೂರ್ತಿ ಹಸಿಯಾಗಿ. ಕೂಲರ್ ಮುಂದೆ ಕೂತವರ ಮೈ ಅಂಟಂಟು.

ಆ ಕನಿಷ್ಠ ಮಿತಿಗೆ ವೆಟ್ ಬಲ್ಬ್ ತಾಪಮಾನ ಅಂತ ಹೆಸರು. ಲ್ಯಾಬಿನಲ್ಲಿ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆದಿದ್ದೀವಲ್ಲ, ಅದೇ. ಇದು ಎಂಥಾಲ್ಪಿಯ ಜೊತೆಜೊತೆಗೇ ಏರಿಳಿಯುವುದರಿಂದ ಗಾಳಿಯ ಒಟ್ಟು ಪಾಲನ್ನು ಡಿಗ್ರಿಯಲ್ಲಿ ಹೇಳುವ ಒಳದಾರಿ ಅನ್ನಬಹುದು. ನಮ್ಮ ಉದಾಹರಣೆಯಲ್ಲಿ ಕಲಬುರಗಿಗೆ 22ರ ಹತ್ತಿರ, ಮಂಗಳೂರಿಗೆ 28.

ಮನುಷ್ಯನ ಮೈ ಕೂಡ ಒಂದು ಒದ್ದೆ ಪ್ಯಾಡೇ. ಸುಮ್ಮನೆ ಕೂತರೂ ನಾವು ಸುಮಾರು 100 ವ್ಯಾಟ್ ಶಾಖ ಹೊರಹಾಕಬೇಕು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ ಉಳಿದಿರೋದು ಬೆವರೊಂದೇ. 1 ಲೀಟರ್ ಬೆವರು ಆವಿಯಾದರೆ ಸುಮಾರು 2400 ಕಿಲೋಜೂಲ್ ಹೊತ್ತೊಯ್ಯುತ್ತೆ. ಆದರೆ ಆವಿಯಾದರೆ ಮಾತ್ರ! ಹಸಿಗಾಳಿಯಲ್ಲಿ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತೆ, ನೀರು ಹೋಯಿತು, ಉಪ್ಪು ಹೋಯಿತು, ಶಾಖ ಮೈಯಲ್ಲೇ ಉಳಿಯಿತು. ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ ಆರೋಗ್ಯವಂತ ಮನುಷ್ಯ ನೆರಳಲ್ಲಿ, ಫ್ಯಾನ್ ಕೆಳಗೆ ಸುಮ್ಮನೆ ಕೂತಿದ್ದರೂ ಕೆಲವೇ ಗಂಟೆ ತಾಳಬಲ್ಲ ಅನ್ನೋದು ಸೈದ್ಧಾಂತಿಕ ಲೆಕ್ಕ. ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅದಕ್ಕಿಂತ ಕೆಳಗೇ ಮೈಯ ತಾಪ ಹತೋಟಿ ತಪ್ಪೋಕೆ ಶುರುವಾಗಿದೆ. ಗಾರೆ ಕೆಲಸ ಮಾಡುವವರಿಗೆ, ಮೀನು ಹೊರುವವರಿಗೆ ಮಿತಿ ಇನ್ನೂ ಕಮ್ಮಿ. ಹಾಗಂತ ಒಣ ಊರಿನವರಿಗೆ ಅಪಾಯ ಇಲ್ಲ ಅಂತ ಅಲ್ಲ. ಅಲ್ಲಿ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತೆ, ನೀರು ಕುಡಿಯದಿದ್ದರೆ ಮೈ ಬತ್ತಿ ಬಿಸಿಲ ಹೊಡೆತ ಬಡಿಯುತ್ತೆ.

ಹವಾಮಾನ ಇಲಾಖೆ ಬಿಸಿಗಾಳಿ ಅಂತ ಘೋಷಿಸೋಕೆ ಬಯಲುನಾಡಿಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಅಂತ ಬೇರೆ ಬೇರೆ ಮಿತಿ ಇಟ್ಟಿದೆ. ಜೊತೆಗೆ ವಾಡಿಕೆಗಿಂತ ಎಷ್ಟು ಏರಿದೆ ಅನ್ನೋದನ್ನೂ ನೋಡ್ತಾರೆ. ಕರಾವಳಿಯವರ ದೂರಿಗೆ ಅಲ್ಲಿ ಮೂರು ಡಿಗ್ರಿಯ ಮನ್ನಣೆ ಸಿಕ್ಕಿದೆ ಅನ್ನಬಹುದು. ನಮ್ಮ ಮಟ್ಟಿಗೆ ಅದು ಸಾಲದು. ಫೋನಿನ ಹವಾಮಾನ ಆ್ಯಪ್‌ನಲ್ಲಿ, ಟಿವಿ ಸುದ್ದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರಬೇಕಾದದ್ದು ವೆಟ್ ಬಲ್ಬ್. ಕನ್ನಡ ಮಾತ್ರ ಈ ವ್ಯತ್ಯಾಸವನ್ನು ಯಾವತ್ತೋ ಗುರುತಿಸಿಟ್ಟುಕೊಂಡಿದೆ. ಉರಿಬಿಸಿಲಿನ ಒಣಕಾವಿಗೆ ಝಳ, ಧಗೆ. ಬೆವರು ಆರದ ಹಸಿಕಾವಿಗೆ ಸೆಕೆ. ಮಂಗಳೂರಿನವರು ‘ಸೆಕೆ ಮಾರಾಯ’ ಅಂದಾಗ ಅವರಿಗೇ ಗೊತ್ತಿಲ್ಲದೆ ಎಂಥಾಲ್ಪಿಯ ಬಗ್ಗೆ ಮಾತಾಡ್ತಿರ್ತಾರೆ.

ಆ 22 ಗ್ರಾಂ ಆವಿ ಬಂದದ್ದು ಬಹುಪಾಲು ಅರಬ್ಬಿ ಸಮುದ್ರದಿಂದ. ಸಮುದ್ರದ ವಿಷಯದಲ್ಲಿ ‘ಹೀಟ್ ಕಂಟೆಂಟ್’ ಪದವನ್ನು ವಿಜ್ಞಾನಿಗಳು ಇವತ್ತಿಗೂ ಯಾವ ಸಂಕೋಚವಿಲ್ಲದೆ ಬಳಸ್ತಾರೆ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದುಕೊಳ್ಳುತ್ತಿರುವ ಶಾಖದಲ್ಲಿ ಶೇ 90ಕ್ಕಿಂತ ಜಾಸ್ತಿ ಸೇರುತ್ತಿರೋದು ಕಡಲಿಗೆ. ಇಡೀ ವಾಯುಮಂಡಲವನ್ನು 1 ಡಿಗ್ರಿ ಬಿಸಿ ಮಾಡೋಕೆ ಬೇಕಾದ ಶಾಖ ಕಡಲಿನ ಮೇಲಿನ ಮೂರೂವರೆ ಮೀಟರ್ ನೀರನ್ನು 1 ಡಿಗ್ರಿ ಏರಿಸೋಕಷ್ಟೇ ಸಾಲುತ್ತೆ. ಹಾಗಾಗಿ ಭೂಮಿ ಎಷ್ಟು ಬಿಸಿಯಾಗ್ತಿದೆ ಅಂತ ತಿಳಿಯೋಕೆ ಗಾಳಿಯ ಡಿಗ್ರಿಗಿಂತ ಕಡಲಿನ ಪಾಲು ಹೆಚ್ಚು ನೆಚ್ಚಿಕೆಯ ಲೆಕ್ಕ.

ಚಂಡಮಾರುತದ ಮುನ್ಸೂಚನೆಯಲ್ಲೂ ಇದೇ. ಕಡಲಿನ ಮೇಲ್ಮೈ 30 ಡಿಗ್ರಿ ಇದೆ ಅಂತ ಗೊತ್ತಾದರೆ ಸಾಲದು. ಬೆಚ್ಚಗಿನ ಪದರ ತೆಳ್ಳಗಿದ್ದರೆ ಬಿರುಗಾಳಿ ನೀರನ್ನು ಕಲಕಿದ ಕೂಡಲೇ ಕೆಳಗಿನ ತಣ್ಣೀರು ಮೇಲೆ ಬಂದು ಅದರ ಬಲ ಕುಗ್ಗುತ್ತೆ. ಪದರ ದಪ್ಪಗಿದ್ದರೆ ಎಷ್ಟು ಕಲಕಿದರೂ ಬಿಸಿನೀರೇ ಸಿಗುತ್ತೆ, ಆವಿ ಏಳುತ್ತಲೇ ಇರುತ್ತೆ, ಬಿರುಗಾಳಿ ಬಲಿಯುತ್ತೆ. ಆದ್ದರಿಂದ 26 ಡಿಗ್ರಿಗಿಂತ ಬೆಚ್ಚಗಿರುವ ನೀರು ಎಷ್ಟು ಆಳದವರೆಗೆ ಇದೆ ಅಂತ ನೋಡಿ, ಅಷ್ಟೂ ಪದರದಲ್ಲಿರುವ ಹೆಚ್ಚುವರಿ ಶಾಖವನ್ನು ಕೂಡಿಸಿ ಒಂದು ಸಂಖ್ಯೆ ಮಾಡ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿ, ದಾರಿಯುದ್ದಕ್ಕೂ ಬಲಿಯುತ್ತಾ ಹೋಗಿ, 17ರ ರಾತ್ರಿ ಗುಜರಾತಿನ ತೀರಕ್ಕೆ ಅಪ್ಪಳಿಸಿತ್ತು.